ಐದನೆಯ ದಿನದ ಹಾಳೆ

ಸಂಜೀವನಿಗೆ ತನ್ನ ಬಲಗೈ ಕಂಡರೆ ಹೇಸಿಕೆ ಹುಟ್ಟತೊಡಗಿ ಏಳು ತಿಂಗಳಾಗಿತ್ತು. ಬೆಳಿಗ್ಗೆ ಬಚ್ಚಲಲ್ಲಿ ಮೂರು ಸಲ ಸಾಬೂನು ಹಚ್ಚಿ ತಿಕ್ಕಿದ ಮೇಲೂ ನಡುಬೆರಳಿನ ಮಗ್ಗುಲಲ್ಲಿ ಪೆನ್ನು ಒತ್ತಿ ಒತ್ತಿ ಗಟ್ಟಿಯಾದ ಗಂಟು ಹಾಗೇ ಇರುತ್ತಿತ್ತು. ಅದರ ಸಣ್ಣ ಬಿರುಕುಗಳಲ್ಲಿ ಇಪ್ಪತ್ತೆಂಟು ವರ್ಷದ ಮಸಿ ಕೂತಿತ್ತು. ಒಂದು ಕಾಲದಲ್ಲಿ ಈ ಗಂಟನ್ನು ಬಂದವರಿಗೆಲ್ಲ ತೋರಿಸುತ್ತಿದ್ದ. ಬೈಲಹೊಂಗಲದ ತಹಶೀಲ್ದಾರ ಕಚೇರಿಯ ಎದುರಿನ ಸಾಲಿನಲ್ಲಿ ಬಾಂಡ್ ಬರೆಯುವವರು ಹನ್ನೊಂದು ಮಂದಿ ಇದ್ದರೂ ಜನ ಇವನನ್ನೇ ಕೇಳಿಕೊಂಡು ಬರುತ್ತಿದ್ದರು. ಅಜ್ಜ ಪುರಾಣ ಹೇಳಿ ಬದುಕಿದ, ಅಪ್ಪ ಪಂಚಾಂಗ ನೋಡಿ ಬದುಕಿದ, ಇವನು ಬೇರೆಯವರ ಮಾತನ್ನು ತಿದ್ದಿ ತೀಡಿ ಅವರ ಹೆಸರಿನಲ್ಲಿ ಬರೆದುಕೊಟ್ಟು ಬದುಕಿದ. ಅರ್ಧ ಅಳುತ್ತ ಅರ್ಧ ಬೈಯುತ್ತ ಜನ ಹೇಳುವುದನ್ನೆಲ್ಲ ಕೇಳಿಸಿಕೊಂಡು, ಬೇಡದ್ದನ್ನು ಸೋಸಿ ತೆಗೆದು, ಕಚೇರಿ ಒಪ್ಪುವ ಭಾಷೆಗೆ ಇಳಿಸುವುದು ಅವನಿಗೆ ನೀರು ಕುಡಿದಷ್ಟು ಸಲೀಸು. ಕೊನೆಗೆ ‘ಮೇಲ್ಕಂಡವರು ಹೇಳಿದಂತೆ ಬರೆದು, ಓದಿ ಹೇಳಿದ್ದೇನೆ’ ಎಂದು ಸಹಿ. ಈಗ ಪತ್ರಗಳೆಲ್ಲ ಕಂಪ್ಯೂಟರಿನಲ್ಲಿ ಆಗುತ್ತವೆ, ಆದರೂ ಕರಡು ಮತ್ತು ಆ ಕೊನೆಯ ಸಾಲು ಇನ್ನೂ ಇವನ ಕೈಯದೇ. ಆ ಸಾಲು ನೆನಪಾಗಿ ಬಾಯಲ್ಲಿ ಎಂಜಲು ಕೂಡಿಕೊಂಡು ಬಂತು. ಬಚ್ಚಲಿಗೆ ಉಗುಳಿ, ನೀರು ಹಾಕಿ, ಮತ್ತೊಮ್ಮೆ ಕೈ ತೊಳೆದುಕೊಂಡ.

ಅಡುಗೆಮನೆಯಲ್ಲಿ ಸುಚೇತಾ ಒಗ್ಗರಣೆ ಅವಲಕ್ಕಿಯ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದಳು. ಉದುರಿದ ಕೂದಲು ಈಗ ಬೆರಳಷ್ಟು ಉದ್ದ ಬಂದಿತ್ತು, ಪೂರಾ ಬೆಳ್ಳಗೆ. “ಅದನ್ನ ಕೊಡ್ರಿ,” ಎಂದಳು. “ಅದು... ಆ ಗಡಿಗ್ಯಾಗ...” ಅವಳ ಕಣ್ಣು ಮೇಲಕ್ಕೆ ಹೋಗಿ, ತುಟಿ ಒಂದಕ್ಕೊಂದು ತಾಗಿ ಹಾಗೇ ನಿಂತಿತು. “ಮೊಸರು,” ಎಂದ ಸಂಜೀವ. ಅವಳು ತಲೆಯಾಡಿಸಿದಳು. ಮೊಸರು ಬಂತು. ದಿನಕ್ಕೆ ಹತ್ತಿಪ್ಪತ್ತು ಸಲ ಹೀಗೆ ಅವಳು ಮಾತಿನ ಹೊಸ್ತಿಲಲ್ಲಿ ನಿಲ್ಲುವುದು, ಅವನು ಒಳಗಿನಿಂದ ಮಾತು ತಂದುಕೊಡುವುದು. ಮೊದಮೊದಲು ಅವಳ ಮುಖದಲ್ಲಿ ಕೃತಜ್ಞತೆ ಕಾಣುತ್ತಿತ್ತು. ಈಗ ಅದು ಏನೆಂದು ಅವನಿಗೆ ತಿಳಿಯುತ್ತಿರಲಿಲ್ಲ, ತಿಳಿಯುವಷ್ಟು ಹೊತ್ತು ಅವನು ನೋಡುತ್ತಲೂ ಇರಲಿಲ್ಲ.

“ಅರ್ಜಿ ಇವತ್ತ ಬರಕೊಂಡು ಬರ್ರಿ,” ಎಂದಳು ಸುಚೇತಾ. “ಸೋಮವಾರ ರಜಾ ಮುಗೀತದ. ಹೆಡ್‌ಮಾಸ್ತರು ನಿನ್ನೆ ಮತ್ತ ಫೋನ್ ಮಾಡಿದ್ರು.” ಸ್ವಯಂ ನಿವೃತ್ತಿಯ ಅರ್ಜಿ. ಇಪ್ಪತ್ತೆರಡು ವರ್ಷದಿಂದ ಅವಳು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದಳು. ಅವಳು ಹಲಗೆಯ ಮೇಲೆ ಬರೆದ ಪದ್ಯವನ್ನು ಮುಂದಿನ ಪೀರಿಯಡ್ಡಿನ ಗಣಿತದ ಮಾಸ್ತರರು ಒರೆಸಲು ಹಿಂಜರಿಯುತ್ತಿದ್ದರಂತೆ. “ಡಾಕ್ಟರು ಮತ್ತ ಹಂಗ ಆಗೂದಿಲ್ಲ ಅಂದಾರಲ್ಲ,” ಎಂದ ಸಂಜೀವ. ದನಿ ತನ್ನದಲ್ಲವೆನ್ನಿಸಿತು. “ಅವತ್ತೂ ಅಂದಿದ್ರು,” ಎಂದಳು. “ಮುಂಬೈಯಾಗ ಮುಂಜಾನೆ ಪರೀಕ್ಷಾ ಮಾಡಿ ಹತ್ತಕ್ಕ ಹತ್ತು ಅಂತ ಬರಕೊಂಡು ಹೋದ್ರು. ಮೂರು ಗಂಟೇಕ್ಕ ನಾ ಬಿದ್ದೆ. ಏನೂ ಸುಳಿವ ಇರಲಿಲ್ಲ. ನಾಳೆ ಕ್ಲಾಸಿನ್ಯಾಗ, ಹುಡುಗೂರ ಮುಂದ, ಹಂಗ ಬಿದ್ದು... ಬಾಯಾಗ ನೊರಿ ಬಂದು... ಸೀರಿ ಎಲ್ಲಾ...” ಮುಂದಿನ ಮಾತು ಅವಳಿಗೆ ಸಿಗಲಿಲ್ಲವೋ, ಸಿಕ್ಕರೂ ಬೇಡವಾಯಿತೋ. ಈ ಸಲ ಸಂಜೀವ ತಂದುಕೊಡಲಿಲ್ಲ. ಒಂದೇ ಒಂದು ವಾಕ್ಯ ಹೇಳಿದರೆ ಅವಳು ಅರ್ಜಿ ಕೊಡುವುದಿಲ್ಲ, ಸೋಮವಾರ ಸೀರೆ ಉಟ್ಟು ಶಾಲೆಗೆ ಹೋಗುತ್ತಾಳೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆ ವಾಕ್ಯವನ್ನು ಹೇಳಿದ ಮೇಲೆ ಅವಳು ಅವನ ಮುಖ ನೋಡಲಾರಳು ಎನ್ನುವುದೂ ಅಷ್ಟೇ ಗೊತ್ತಿತ್ತು. “ಬರಕೊಂಡ ಬರತೇನಿ,” ಎಂದು ಚೀಲ ಹೆಗಲಿಗೆ ಹಾಕಿಕೊಂಡು ಹೊರಬಿದ್ದ.

ಬಜಾರಿನ ಉದ್ದಕ್ಕೂ ಜನ ಅವನನ್ನು ಮಾತಾಡಿಸಿದರು. ಕಿರಾಣಿ ಅಂಗಡಿಯವನು ತಕ್ಕಡಿ ಬಿಟ್ಟು ಕೈಮುಗಿದ. ಊರಿಗೆ ಊರೇ ಅವನನ್ನು ಹೆಂಡತಿಯನ್ನು ಸಾವಿನ ಬಾಯಿಂದ ಕಿತ್ತುಕೊಂಡು ಬಂದವನೆಂದು ನಂಬಿತ್ತು. ಅವಳಿಗೆ ಬಂದದ್ದು ರಕ್ತದ ಕ್ಯಾನ್ಸರು. ಎರಡು ಬಗೆಯ ಔಷಧ ಸೋತ ಮೇಲೆ ಮುಂಬೈಯಲ್ಲಿ ಈ ಹೊಸ ಚಿಕಿತ್ಸೆ. ಅವಳ ರಕ್ತದಿಂದಲೇ ರೋಗದ ಜೊತೆ ಹೋರಾಡುವ ಕಣಗಳನ್ನು ತೆಗೆದು, ಲ್ಯಾಬಿನಲ್ಲಿ ಅವಕ್ಕೆ ಕ್ಯಾನ್ಸರಿನ ಗುರುತು ಕಲಿಸಿ, ಥಂಡಿಯಲ್ಲಿ ಹೆಪ್ಪುಗಟ್ಟಿಸಿಟ್ಟು, ಮತ್ತೆ ಅವಳ ಮೈಗೇ ಹರಿಸುವುದು. ಮುಷ್ಟಿಯಷ್ಟು ದೊಡ್ಡ ಚೀಲದಲ್ಲಿ ಅದು ಬಂದಾಗ ಸಂಜೀವ ಮನಸ್ಸಿನಲ್ಲೇ ರಾಯರನ್ನು ನೆನೆದಿದ್ದ. ಚೀಲ ಖಾಲಿಯಾಗಿ ಹತ್ತು ನಿಮಿಷವಾಗಿರಲಿಲ್ಲ, ಕೋಣೆಯ ತುಂಬ ಬೆಳ್ಳುಳ್ಳಿಯ ವಾಸನೆ ಎದ್ದಿತು. ಹುಟ್ಟಿದಾಗಿನಿಂದ ಬೆಳ್ಳುಳ್ಳಿ ಬಾಯಿಗಿಡದ ಹೆಂಗಸು, ಮನೆಯಲ್ಲಿ ಬೆಳ್ಳುಳ್ಳಿ ಕೊಯ್ಯಲು ಚಾಕು ಕೂಡ ಇಲ್ಲ. ಅವಳ ಉಸಿರಿನಿಂದ, ಬೆವರಿನಿಂದ, ದಿಂಬಿನಿಂದ ಹಳಸಿದ ಬೆಳ್ಳುಳ್ಳಿ ನಾರುತ್ತಿತ್ತು. ಕಣಗಳು ಕೆಡದಂತೆ ಹಾಕಿದ ದ್ರವದ ವಾಸನೆ, ಒಂದೆರಡು ದಿನಕ್ಕೆ ಹೋಗುತ್ತದೆ ಎಂದು ಮರಾಠಿ ನರ್ಸ್ ನಕ್ಕು ಹೇಳಿದಳು. ಸಂಜೀವನೂ ನಕ್ಕ. ನಕ್ಕು, ಕುರ್ಚಿಯನ್ನು ಬಾಗಿಲ ಕಡೆಗೆ ಸರಿಸಿಕೊಂಡ. “ದೂರ ಯಾಕ ಕೂತ್ರಿ?” ಎಂದು ಸುಚೇತಾ ಕೇಳಿದ್ದಕ್ಕೆ “ನಿನಗ ಸೋಂಕು ತಾಗಬಾರದಲ್ಲ” ಎಂದಿದ್ದ. ಎರಡು ದಿನಕ್ಕೆ ವಾಸನೆ ಹೋಯಿತು. ಕುರ್ಚಿ ಮಾತ್ರ ಬಾಗಿಲಲ್ಲೇ ಉಳಿಯಿತು. ಅವಳ ಜ್ವರ ಏರಿತು, ಇಳಿಯಿತು, ವಾಂತಿಯಾಯಿತು, ಹಾಸಿಗೆ ಕೆಟ್ಟಿತು. ಅವನು ಬಾಗಿಲಲ್ಲಿ ಕೂತು ಕರವಸ್ತ್ರದಲ್ಲಿ ಉಸಿರಾಡಿದ. ಇದನ್ನು ಊರಿನವರು ಸೇವೆ ಅನ್ನುತ್ತಿದ್ದರು.

ಕಚೇರಿಯ ಎದುರಿನ ತಗಡಿನ ಶೆಡ್ಡಿನಲ್ಲಿ ಸಂಪಗಾಂವದ ಸೋಮಪ್ಪ ಆಗಲೇ ಬಂದು ಕೂತಿದ್ದ, ಪಕ್ಕದಲ್ಲಿ ಅವನ ತಂಗಿ ಸಿದ್ದಲಿಂಗವ್ವ. ಅವಳನ್ನು ಯರಗಟ್ಟಿಗೆ ಕೊಟ್ಟಿದ್ದರು. ತಂದೆಯ ಹೊಲದಲ್ಲಿ ತನ್ನ ಪಾಲನ್ನು ಅಣ್ಣನಿಗೆ ಬಿಟ್ಟುಕೊಡುವ ಪತ್ರವಾಗಬೇಕಿತ್ತು. “ಆಚಾರ್ರ, ವೈನಿ ಹೆಂಗದಾರ್ರಿ?” ಎಂದು ಸೋಮಪ್ಪ ಕೇಳಿ, ಉತ್ತರಕ್ಕೆ ಕಾಯದೆ ತಂಗಿಯ ಕಡೆ ತಿರುಗಿದ. “ನೋಡವಾ, ಇವ್ರ ಮುಂಬೈಯಾಗ ಮೂರು ತಿಂಗಳ ಹಗಲಿ ರಾತ್ರಿ ಹೇಣ್ತಿ ಕಾಲಕಡೆ ಕುಂತಿದ್ರು. ದೇವರಂಥಾ ಮನಷ್ಯಾ.” ಸಿದ್ದಲಿಂಗವ್ವ ಸಂಜೀವನನ್ನು ಸುಮ್ಮನೆ ನೋಡಿದಳು. ಎಲೆ ಅಡಿಕೆ ತಿಂದು ಕೆಂಪಾದ ಬಾಯಿ, ಒರಟು ಕೈ, ಬಿಸಿಲಲ್ಲಿ ಕಂದಿದ ಮುಖ. ಆ ನೋಟದಲ್ಲಿ ಹೊಗಳಿಕೆ ಇರಲಿಲ್ಲ. ಅವನಿಗೆ ಒಂದು ಕ್ಷಣ ಹಗುರವೆನ್ನಿಸಿತು.

“ಏನ ಬರೀಲೆವಾ?” ಎಂದು ಅವಳನ್ನು ಕೇಳಿದ. “ಬರೀರಿ, ಆಕೀ ಪಾಲಿಂದು ನನಗ ಬಿಟ್ಟಾಳ ಅಂತ,” ಎಂದ ಸೋಮಪ್ಪ. “ಆಕೀನ ಹೇಳಲಿ,” ಎಂದ ಸಂಜೀವ. ತಾನು ಯಾಕೆ ಹಾಗೆಂದೆ ಎಂದು ಅವನಿಗೇ ಆಶ್ಚರ್ಯ. ಇಪ್ಪತ್ತೆಂಟು ವರ್ಷದಲ್ಲಿ ಹಾಗೆ ಕೇಳಿದ್ದಿಲ್ಲ. ಸಿದ್ದಲಿಂಗವ್ವ ಸೆರಗು ಸರಿಮಾಡಿಕೊಂಡು ಮಾತು ಶುರುಮಾಡಿದಳು. ಅವ್ವ ಸಾಯುವಾಗ ಹೇಳಿದ್ದು, ಅಣ್ಣ ಪಂಚಮಿಗೆ ಕರೆಯಲು ಬಾರದೆ ಹೋದದ್ದು, ಬಾವಿಯ ಪಕ್ಕದ ಮಾವಿನ ಗಿಡ ತಾನೇ ಹಚ್ಚಿದ್ದು. “ಆ ಗಿಡ ನಂದು ಅಂತ ಅದರಾಗ ಒಂದ ಮಾತ ಹಾಕ್ರಿ,” ಎಂದಳು. “ಗಿಡಾ ಪಡಾ ಪತ್ರದಾಗ ಬರೂದಿಲ್ಲ,” ಎಂದ ಸೋಮಪ್ಪ. ಸಂಜೀವನ ಪೆನ್ನು ಆಗಲೇ ಹಾಳೆಯ ಮೇಲೆ ಓಡುತ್ತಿತ್ತು. ‘ಸದರಿ ಆಸ್ತಿಯಲ್ಲಿಯ ನನ್ನ ಯಾವತ್ತೂ ಹಕ್ಕನ್ನು’ ಎಂದು ಕೈ ತಾನೇ ಬರೆಯುತ್ತ ಹೋಯಿತು, ಅಕ್ಷರಗಳು ದುಂಡಗೆ, ಒಂದೇ ಅಳತೆಯಲ್ಲಿ, ಒಂದರ ಹಿಂದೆ ಒಂದು. ಈ ಕೈಗೆ ನಾಚಿಕೆಯೇ ಇಲ್ಲ. ಸುಚೇತಾಳ ಅಕ್ಷರ ಇದಕ್ಕಿಂತ ಸ್ವಲ್ಪ ಎಡಕ್ಕೆ ವಾಲುತ್ತಿತ್ತು, ‘ತ’ದ ಹೊಟ್ಟೆ ಸಣ್ಣದು, ಒತ್ತಕ್ಷರ ಕೆಳಗೆ ದೂರ ಬೀಳುತ್ತಿತ್ತು. ಮದುವೆಗೆ ಮುಂಚೆ ರಾಮದುರ್ಗದಿಂದ ಅವಳು ಬರೆದ ಪತ್ರಗಳಲ್ಲಿ ಅವನು ಅದನ್ನು ಕಲಿತಿದ್ದ. ಪ್ರೀತಿಯಿಂದಲೇ ಕಲಿತದ್ದು, ಅದೇ ಹೇಸಿಕೆ.

ಮುಂಬೈಯಲ್ಲಿ ದಿನಾ ಬೆಳಿಗ್ಗೆ ಹತ್ತಕ್ಕೆ ನರ್ಸ್ ಬರುತ್ತಿದ್ದಳು. ಈ ಚಿಕಿತ್ಸೆಯ ಕಾವು ಕೆಲವರಿಗೆ ಮಿದುಳಿಗೆ ತಟ್ಟುತ್ತದೆ, ಮಾತು ತಡವರಿಸುತ್ತದೆ, ಅಕ್ಷರ ಕೆಡುತ್ತದೆ, ಫಿಟ್ಸ್ ಬರಬಹುದು, ಬೇಗ ಗೊತ್ತಾದರೆ ಔಷಧ ಇದೆ, ಅದಕ್ಕೇ ದಿನಾ ಈ ಪರೀಕ್ಷೆ ಎಂದು ಮೊದಲೇ ತಿಳಿಸಿ ಹೇಳಿದ್ದರು. ಇದು ಯಾವ ವರ್ಷ, ಯಾವ ತಿಂಗಳು, ಯಾವ ಊರು, ಯಾವ ಆಸ್ಪತ್ರೆ. ಪೆನ್ನು, ಗಡಿಯಾರ, ಅಂಗಿಯ ಗುಂಡಿ ತೋರಿಸಿ ಹೆಸರು ಕೇಳುವುದು. ಎರಡು ಬೆರಳು ತೋರಿಸು. ನೂರರಿಂದ ಹತ್ತು ಹತ್ತು ಇಳಿಸುತ್ತ ಹೇಳು. ನಿನ್ನ ಭಾಷೆಯಲ್ಲಿ ಒಂದು ವಾಕ್ಯ ಬರೆ. ಒಟ್ಟು ಹತ್ತು ಅಂಕ. ಸುಚೇತಾಳ ಹಿಂದಿ ಅಷ್ಟಕ್ಕಷ್ಟೆ, ಮರಾಠಿ ಬಾರದು. ಅವಳು ಕನ್ನಡದಲ್ಲಿ ಹೇಳಿದ್ದನ್ನು ಸಂಜೀವ ಮರಾಠಿಗೆ ತಿರುಗಿಸಿ ಹೇಳುತ್ತಿದ್ದ. ಮೊದಲ ನಾಲ್ಕು ದಿನ ಅವಳಿಗೆ ಇದೊಂದು ತಮಾಷೆ. “ಜನ್ಮ ಎಲ್ಲಾ ಪರೀಕ್ಷಾ ತಗೊಂಡದ್ದಕ್ಕ ಶಿಕ್ಷಾ” ಎಂದು ನಗುತ್ತ, ‘ನಾನು ಬೈಲಹೊಂಗಲದ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ’ ಎಂದು ಬರೆದುಕೊಡುತ್ತಿದ್ದಳು. ಐದನೆಯ ದಿನ ಯಾವ ಊರು ಎಂದರೆ “ರಾಮದುರ್ಗ” ಎಂದಳು. ನರ್ಸ್ ತಲೆಯೆತ್ತಿದಳು. ಸಂಜೀವ ಬಾಗಿಲಿನಿಂದ ಎದ್ದು ಬಂದ. ತವರುಮನೆ ನೆನಪಾಗಿದೆ, ಚೇಷ್ಟೆ ಮಾಡುತ್ತಾಳೆ ಎಂದು ಮರಾಠಿಯಲ್ಲಿ ನಕ್ಕ. “ಮುಂಬೈ ಅನ್ನು,” ಎಂದು ಕನ್ನಡದಲ್ಲಿ ಹಲ್ಲು ಕಚ್ಚಿ ಹೇಳಿದ. “ಮುಂಬೈ,” ಎಂದಳು ಸುಚೇತಾ. ಆಸ್ಪತ್ರೆ ಯಾವುದೆಂದರೆ “ಸಾಲಿ” ಎಂದಳು, ತನ್ನ ಶಾಲೆಯಲ್ಲೇ ಇದ್ದವಳಂತೆ. ಅವನು ಆಸ್ಪತ್ರೆಯ ಹೆಸರು ಹೇಳಿದ. ಪೆನ್ನಿಗೆ ಪೆನ್ನು ಎಂದಳು. ಗಡಿಯಾರ ತೋರಿಸಿದರೆ “ಅದು... ಕೈಗೆ... ಕಟಗೋತಾರ” ಎಂದಳು. ಅವನು ‘ಘಡ್ಯಾಳ’ ಎಂದು ತಿರುಗಿಸಿದ. ಗುಂಡಿಗೆ ಅವಳು ಏನೂ ಅನ್ನಲಿಲ್ಲ, ತನ್ನ ಗೌನಿನ ಎದೆ ಮುಟ್ಟಿಕೊಂಡಳು. ಅವನು ಅದಕ್ಕೂ ಹೆಸರು ಕೊಟ್ಟ. ನೂರು, ತೊಂಬತ್ತು, ಎಂಬತ್ತು, ಎಪ್ಪತ್ತು, ಎಪ್ಪತ್ತು, ಎಪ್ಪತ್ತು. ಅವನು ಮರಾಠಿಯಲ್ಲಿ ಹತ್ತರ ತನಕ ಇಳಿದ.

“ಲಗೂ ಮಾಡ್ರಿ ಆಚಾರ್ರ, ಹನ್ನೊಂದೂವರಿಗೆ ನಂಬರ್ ಐತಿ ನಮ್ದು,” ಎಂದ ಸೋಮಪ್ಪ. ಸಂಜೀವ ಪುಟ ತಿರುವಿದ. ಅವತ್ತು ಆಸ್ಪತ್ರೆಯಲ್ಲಿ ಅಷ್ಟರಲ್ಲೇ ಪಕ್ಕದ ಕೋಣೆಯ ಯಂತ್ರ ಕೂಗಿಕೊಂಡಿತು, ನರ್ಸ್ ಹಾಳೆಯನ್ನು ಸುಚೇತಾಳ ತೊಡೆಯ ಮೇಲಿಟ್ಟು, ಬರೆಯಲಿ ಬರುತ್ತೇನೆ ಎಂದು ಓಡಿದಳು. ಸುಚೇತಾ ಬರೆದಳು. ಬರೆಯುವಾಗ ನಾಲಿಗೆ ತುಟಿಯ ಮೂಲೆಯಿಂದ ಹೊರಗೆ ಬಂದಿತ್ತು, ಜೊಲ್ಲು ಗದ್ದದ ಮೇಲಿಳಿದು ಹಾಳೆಯ ಮೇಲೆ ಬಿತ್ತು. ‘ನಾನು’ ಎನ್ನುವುದೊಂದು ಓದಲು ಬರುತ್ತಿತ್ತು. ಆಮೇಲೆ ಅಕ್ಷರಗಳು ಒಂದರ ಮೇಲೊಂದು ಹತ್ತಿ, ಬರೀ ಗೀಟಾಗಿ, ಹಾಳೆ ದಾಟಿ ಹಾಸಿಗೆಯ ಮೇಲೆ ಹೋಗಿದ್ದವು. ಬರೆದು ಮುಗಿಸಿ ಅವಳು ಅವನ ಮುಖ ನೋಡಿ ನಕ್ಕಳು, ಚೆಂದ ಬರೆದೆನಲ್ಲ ಎನ್ನುವ ಹಾಗೆ. ಅವಳು ಸಾಯುತ್ತಾಳೆಂದು ಭಯವಾಗಬೇಕಿತ್ತು. ಭಯ ಆಮೇಲೆ ಬಂತು. ಮೊದಲು ಬಂದದ್ದು ಅಸಹ್ಯ: ಈ ಜೊಲ್ಲನ್ನು, ಈ ಗೀಟುಗಳನ್ನು, ಈ ಪೆದ್ದು ನಗುವನ್ನು ಆ ನರ್ಸ್ ನೋಡಬಾರದು. ಹಾಳೆಯನ್ನು ಕಿತ್ತುಕೊಂಡು, ಮುದುಡಿ, ಕೊಳಕಾದ ಹತ್ತಿ ಬ್ಯಾಂಡೇಜು ಎಸೆಯುವ ಹಳದಿ ಚೀಲಕ್ಕೆ ತುರುಕಿದ. ಹೊಸ ಹಾಳೆ ತೆಗೆದುಕೊಂಡು, ಎಡಕ್ಕೆ ಸ್ವಲ್ಪ ವಾಲಿಸಿ, ‘ತ’ದ ಹೊಟ್ಟೆ ಸಣ್ಣದು ಮಾಡಿ, ‘ನಾನು ಬೈಲಹೊಂಗಲದ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ’ ಎಂದು ಬರೆದ. ನಾಲ್ಕು ದಿನದ ಹಾಳೆಗಳ ಪಕ್ಕದಲ್ಲಿ ಇಟ್ಟರೆ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ನರ್ಸ್ ಓಡಿಬಂದು, ನೋಡಿ, ಹತ್ತಕ್ಕೆ ಹತ್ತು ಎಂದು ಬರೆದುಕೊಂಡಳು. ಅಕ್ಷರ ಎಷ್ಟು ಸುಂದರ ಎಂದಳು. ಸಂಜೀವನಿಗೆ, ಥೂ, ಒಳಗೊಳಗೇ ಸಂತೋಷವಾಗಿತ್ತು.

ಅದರ ಹಿಂದಿನ ಸಂಜೆ ಸವದತ್ತಿ ಕಡೆಯ ಬಾಳೇಶ ಆಸ್ಪತ್ರೆಯ ವೇಟಿಂಗ್ ಹಾಲ್‌ನಲ್ಲಿ ಸಿಕ್ಕಿದ್ದು ನಿಜ. ಅವನ ತಂದೆಗೂ ಅದೇ ಚಿಕಿತ್ಸೆ. “ತಲಿ ಕೆಟ್ರ ಐಸಿಯುಕ್ಕ ಒಯ್ದು ಸ್ಟೆರಾಯ್ಡ್ ಹಾಕ್ತಾರ್ರಿ. ಅದನ್ನ ಹಾಕಿದ್ರ ಆ ಕಣಾ ಎಲ್ಲಾ ಸಾಯತಾವು, ಮಾಡಿದ್ದೆಲ್ಲಾ ನೀರಾಗ ಹೋಮ” ಎಂದು ಅವನು ಹೇಳಿದ್ದೂ ನಿಜ. ಏಳು ತಿಂಗಳಿಂದ ಸಂಜೀವ ಈ ಬಾಳೇಶನನ್ನು ಎಷ್ಟು ಸಲ ಮನಸ್ಸಿನ ಕಟಕಟೆಗೆ ಕರೆದು ನಿಲ್ಲಿಸಿದ್ದ. ಅವಳ ಒಳ್ಳೆಯದಕ್ಕೇ, ಚಿಕಿತ್ಸೆ ಹಾಳಾಗಬಾರದೆಂದೇ ಮಾಡಿದೆ. ಬಾಳೇಶ ಪಾಪ, ಬಂದು ಸಾಕ್ಷಿ ಹೇಳಿ ಹೋಗುತ್ತಿದ್ದ. ಆದರೆ ಆ ಹಾಳೆಯನ್ನು ಕಿತ್ತುಕೊಳ್ಳುವಾಗ ಬಾಳೇಶನ ನೆನಪೇ ಬಂದಿರಲಿಲ್ಲ. ಮಧ್ಯಾಹ್ನ ಮೂರಕ್ಕೆ ಅವಳ ಮೈ ಬಿಲ್ಲಾಗಿ ಮಂಚದಿಂದ ಬಿದ್ದಾಗ ಅವನು ಬಾಗಿಲ ಬಳಿಯ ಕುರ್ಚಿಯಲ್ಲಿ ತೂಕಡಿಸುತ್ತಿದ್ದ. ಒಂಬತ್ತು ದಿನ ಐಸಿಯು. ಸ್ಟೆರಾಯ್ಡ್ ಹಾಕಿಯೇ ಹಾಕಿದರು, ಕಣಗಳು ಸಾಯಲೂ ಇಲ್ಲ, ಕ್ಯಾನ್ಸರು ಹೋಯಿತು. ಮಾತಿನ ಈ ತೊಡಕು ಹೆಚ್ಚಿನವರಿಗೆ ಪೂರ್ತಿ ಹೋಗುತ್ತದೆ, ಇವರಿಗೆ ಸ್ವಲ್ಪ ಉಳಿದಿದೆ, ಯಾಕೆಂದು ಹೇಳಲಾಗದು, ಆ ಬೆಳಿಗ್ಗೆ ಒಂದು ಚಿಹ್ನೆಯಾದರೂ ಕಂಡಿದ್ದರೆ ಎಂದು ಡಾಕ್ಟರು ಮಾತು ನಿಲ್ಲಿಸಿದ್ದರು. ಸಂಜೀವ ತಲೆ ತಗ್ಗಿಸಿ ಕೈಮುಗಿದಿದ್ದ. ಅದನ್ನೂ ಅವರು ದುಃಖವೆಂದೇ ತಿಳಿದರು.

ಕರಡು ಮುಗಿದು, ಕಂಪ್ಯೂಟರಿನಿಂದ ಪತ್ರ ಹೊರಬಂತು. ಸೋಮಪ್ಪ ತಂಗಿಯ ಹೆಬ್ಬೆರಳು ಹಿಡಿದು ಮಸಿಯ ಡಬ್ಬಿಗೆ ಒತ್ತಿದ. ಅವಳು ಕೈ ಹಿಂದೆಗೆದಳು. “ಓದ್ರಿ ಮದಲ,” ಎಂದಳು ಸಂಜೀವನಿಗೆ. ಅವನು ದಿನದ ರೂಢಿಯಂತೆ ಗಡಗಡ ಓದತೊಡಗಿದ. ‘ಯಾರ ಒತ್ತಾಯಕ್ಕೂ ಒಳಗಾಗದೆ ಸ್ವಸಂತೋಷದಿಂದ’ ಎಂಬಲ್ಲಿಗೆ ಬಂದಾಗ ಸಿದ್ದಲಿಂಗವ್ವ ನಕ್ಕಳು. ಎಲೆ ಅಡಿಕೆಯ ಕೆಂಪು ಹಲ್ಲುಗಳೆಲ್ಲ ಕಂಡವು. “ಸಂತೋಸ ಅಂತ ನಾ ಯಾವಾಗ ಅಂದ್ನಿ?” “ಹಂಗ ಬರೀಬೇಕಾಗ್ತದವಾ,” ಎಂದ ಸಂಜೀವ. “ಗಿಡದ್ದು?” ಅವನು ಮುಂದಿನ ಸಾಲಿಗೆ ಬೆರಳಿಟ್ಟ. “ನಾ ಅಂದಿದ್ದು ಒಂದೂ ಇಲ್ಲ ಇದರಾಗ,” ಎಂದಳು. ಸಿಟ್ಟಿನಿಂದ ಅಲ್ಲ, ಸಂತೆಯಲ್ಲಿ ಹುಳುಕು ಬದನೆಕಾಯಿ ತಿರುಗಿಸಿ ನೋಡಿ ಕೆಳಗಿಟ್ಟಂತೆ. ಆಮೇಲೆ ಅಣ್ಣನ ಮುಖ ನೋಡಿ, ತಾನೇ ಹೆಬ್ಬೆರಳು ಅದ್ದಿ ಒತ್ತಿದಳು. ‘ಮೇಲ್ಕಂಡವರು ಹೇಳಿದಂತೆ ಬರೆದು’ ಎಂದು ಕೆಳಗೆ ಬರೆಯಲು ಸಂಜೀವ ಪೆನ್ನು ಹಿಡಿದ. ಬರೆದ. ಸಹಿ ಹಾಕಿದ. ಹಾಕಿ ಎದ್ದು, ಸೋಮಪ್ಪ ಏನೋ ಕೂಗುತ್ತಿದ್ದರೂ ಕೇಳದೆ, ಕಚೇರಿಯ ಹಿಂದಿನ ಮೂತ್ರಾಲಯಕ್ಕೆ ಓಡಿದ.

ಅಲ್ಲಿ ಅವಲಕ್ಕಿ, ಮೊಸರು, ಎಲ್ಲ ಹೊರಗೆ ಬಂತು. ಗೋಡೆಗೆ ಕೈಯೂರಿ ನಿಂತ. ಅಂಗೈಗೆ ಅಂಟಂಟಾದುದೇನೋ ತಾಗಿತು. ಪಕ್ಕದಲ್ಲಿ ನಿಂತಿದ್ದ ಪಂಚಾಯಿತಿಯ ಕ್ಲಾರ್ಕು ನೀಲಪ್ಪ ಪ್ಯಾಂಟಿನ ಗುಂಡಿ ಹಾಕಿಕೊಳ್ಳುತ್ತ ಕಕ್ಕುಲಾತಿಯಿಂದ ನೋಡಿದ. “ಯಾಕ್ರಿ ಆಚಾರ್ರ, ಆರಾಮಿಲ್ಲೇನ್ರಿ? ದಗದ ಭಾಳ ಹಚಗೊಂಡೀರಿ. ಮನಿಯಾಗ ಜಡ್ಡಿನವರನ್ನ ನೋಡಬೇಕು, ಇಲ್ಲಿ ಬರೀಬೇಕು. ನಿಮ್ಮಂಥ ಗಂಡ ಸಿಗಬೇಕಂದ್ರ ಪುಣ್ಯಾ ಮಾಡಿರಬೇಕ್ರಿ.” ಸಂಜೀವ ಬಾಯಿ ಒರೆಸಿಕೊಂಡು ‘ಹೌದು’ ಎಂದುಬಿಟ್ಟ. ನೀಲಪ್ಪ ಹೋದ ಮೇಲೂ ಆ ‘ಹೌದು’ ಉಚ್ಚೆಯ ನಾತದ ಜೊತೆ ಅಲ್ಲೇ ಸುತ್ತುತ್ತಿತ್ತು. ತನ್ನ ಬಗ್ಗೆ ಇಷ್ಟು ಅಸಹ್ಯಪಟ್ಟುಕೊಳ್ಳುವುದರಲ್ಲೂ ಒಂದು ಸುಖವಿದೆ ಎಂದು ಅವನಿಗೆ ಆಗ ಹೊಳೆಯಿತು. ಏಳು ತಿಂಗಳು ಕೈ ತೊಳೆದದ್ದೇ ಬಂತು. ಕೈ ತೊಳೆದುಕೊಳ್ಳುವವನು ಬಾಯಿ ತೆರೆಯಬೇಕಾಗಿಲ್ಲ. ಶೆಡ್ಡಿಗೆ ಬಂದು ಸುಚೇತಾಳ ಅರ್ಜಿ ಬರೆದ. ‘ನನ್ನ ಅನಾರೋಗ್ಯದ ನಿಮಿತ್ತ ಸ್ವಇಚ್ಛೆಯಿಂದ’ ಎಂಬಲ್ಲಿ ಪೆನ್ನು ಒಂದು ಸಲವೂ ನಿಲ್ಲಲಿಲ್ಲ.

ಮನೆಗೆ ಬಂದಾಗ ಮಧ್ಯಾಹ್ನ ಮೂರಾಗಿತ್ತು. ಸುಚೇತಾ ಪಡಸಾಲೆಯಲ್ಲಿ ಕನ್ನಡಕ ಹಾಕಿಕೊಂಡು ಕೂತಿದ್ದಳು. ಅರ್ಜಿಯನ್ನು ಅವನ ಕೈಯಿಂದ ತೆಗೆದುಕೊಂಡು, ಒಂದೊಂದೇ ಪದದ ಕೆಳಗೆ ಬೆರಳಿಟ್ಟು ಓದಿದಳು, ಹತ್ತನೆಯ ಇಯತ್ತೆಯ ದಡ್ಡ ಹುಡುಗನ ಹಾಗೆ. ಅವಳಿಗೆ ಎಷ್ಟೋ ಅಂಥ ಹುಡುಗರನ್ನು ಪರೀಕ್ಷೆ ದಾಟಿಸಿ ಗೊತ್ತಿತ್ತು. ಓದಿ ಮುಗಿಸಿ, “ಭಾಳ ಛಲೋ ಬರದೀರಿ,” ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಪೆನ್ನು ತೆಗೆದುಕೊಂಡಳು. ಸಹಿಯ ಜಾಗದ ಮೇಲೆ ಕೈ ಇಳಿಯಿತು.

“ಸಹಿ ಮಾಡಬ್ಯಾಡ,” ಎಂದ ಸಂಜೀವ.

ಅವಳು ತಲೆಯೆತ್ತಿದಳು. ಅವನು ಹೇಳಿದ. ಅಲಂಕಾರವಿಲ್ಲದೆ, ಹಿಂದುಮುಂದಾಗಿ, ಸಿದ್ದಲಿಂಗವ್ವ ಹೇಳಿದ ಹಾಗೆ. ಅವತ್ತ ನೀ ಬರದದ್ದು ಬ್ಯಾರೆ, ನಾ ಅದನ್ನ ಮುದುಡಿ ಚೀಲದಾಗ ಹಾಕಿದೆ. ಆ ಹಾಳಿ ನಾ ಬರದದ್ದು. ಊರು ಯಾವುದು ಅಂದ್ರ ರಾಮದುರ್ಗ ಅಂದಿ. ಗಡಿಯಾರಕ್ಕ ಹೆಸರು ಬರಲಿಲ್ಲ ನಿನಗ. ಎಲ್ಲಾ ನಾ ಹೇಳಿದೆ. ಬಾಳೇಶನ ಹೆಸರು ನಾಲಿಗೆಯ ತುದಿಗೆ ಬಂತು, ನುಂಗಿದ. “ನೀ ಜೊಲ್ಲು ಸುರಿಸಿಕೋತ ಬರೀಲಿಕತ್ತಿದ್ದಿ,” ಎಂದ. “ನನಗ ಹೇಸಿಕಿ ಬಂತು. ಆಕಿ ನೋಡಬಾರದು ಅನ್ನಿಸ್ತು. ಅಷ್ಟ.”

ಹೊರಗೆ ತರಕಾರಿ ಗಾಡಿಯವನು ಕೂಗುತ್ತ ಹೋದ.

“ಎಷ್ಟು?” ಎಂದಳು.

“ಏನು?”

“ಹತ್ತಕ್ಕ. ಖರೇನ ಎಷ್ಟು ಬರ್ತಿತ್ತು ನನಗ?”

ಅವನು ಲೆಕ್ಕ ಹಾಕಬೇಕಾಗಿರಲಿಲ್ಲ. ಅವಳು ಸರಿ ಮಾಡಿದ್ದು ವರ್ಷ, ತಿಂಗಳು, ಪೆನ್ನು, ಎರಡು ಬೆರಳು. “ನಾಲ್ಕು,” ಎಂದ.

“ನಾಲ್ಕು,” ಎಂದಳು ಸುಚೇತಾ, ಉತ್ತರಪತ್ರಿಕೆಯ ಮೇಲೆ ಕೆಂಪು ಪೆನ್ನಿನಲ್ಲಿ ಬರೆಯುವ ದನಿಯಲ್ಲಿ. “ಅಂದ್ರ ಮುಂಜಾನೆನ ಗೊತ್ತಾಗ್ತಿತ್ತು. ಒಮ್ಮೆಲೆ ಬಂದದ್ದಲ್ಲ.”

“ಅಲ್ಲ.”

ಅವಳು ಪೆನ್ನಿಗೆ ಟೊಪ್ಪಿಗೆ ಹಾಕಿದಳು. ಅರ್ಜಿಯನ್ನು ಎರಡು ಮಡಿಕೆ ಮಾಡಿ, ನಾಲ್ಕು ಮಡಿಕೆ ಮಾಡಿ, ಕಿಟಕಿಯ ಕಟ್ಟೆಯ ಮೇಲಿಟ್ಟಳು. ಅವಳ ಮುಖದಲ್ಲಿ ಮೊದಲು ಕಂಡದ್ದು ಸಿಟ್ಟಲ್ಲ. ಭುಜದ ಮೇಲಿನ ದೊಡ್ಡ ಭಾರ ಇಳಿದವರ ಹಾಗೆ ಅವಳು ಒಂದು ಸಲ ಉಸಿರು ಬಿಟ್ಟಳು. ಏಳು ತಿಂಗಳು ಅವಳು ಈ ಭಯದಲ್ಲಿ ಬದುಕಿದ್ದಳು, ಅದನ್ನು ಕಳೆಯಲು ಬೇಕಾಗಿದ್ದದ್ದು ಇಷ್ಟೇ ಮಾತು. ಅದನ್ನು ನೋಡುವುದು ಸಂಜೀವನಿಗೆ ಬೈಗುಳಕ್ಕಿಂತ ಕಷ್ಟವಾಯಿತು. ಆಮೇಲೆ ಅವಳು ಕನ್ನಡಕ ತೆಗೆದು ಅವನ ಕಡೆ ತಿರುಗಿದಳು.

“ನೀವು,” ಎಂದಳು. “ನೀವಂದ್ರ... ನೀವು...” ಕಣ್ಣು ಮೇಲಕ್ಕೆ ಹೋಯಿತು, ತುಟಿ ತಾಗಿತು, ಬಿಟ್ಟಿತು.

“ಮೋಸಗಾರ,” ಎಂದ ಸಂಜೀವ. ಅವಳು ತಲೆಯಾಡಿಸಿದಳು, ಅದಲ್ಲ. “ಹೇಡಿ?” ಅದೂ ಅಲ್ಲ. “ಕಟುಕ. ಪಾಪಿ.” ಒಂದರ ಹಿಂದೊಂದು ಮಾತು ತಾನೇ ಬರುತ್ತಿತ್ತು. ಇದಕ್ಕಿಂತ ಸರಿಯಾದದ್ದು, ಇದಕ್ಕಿಂತ ಹರಿತವಾದದ್ದು ಎಂದು ತನ್ನ ನಾಲಿಗೆ ಆರಿಸುತ್ತಿರುವುದು ಅವನಿಗೇ ಗೊತ್ತಾಗುವಷ್ಟರಲ್ಲಿ ಸುಚೇತಾ ಅಂಗೈಯಿಂದ ನೆಲವನ್ನು ಬಡಿದಳು.

“ಬಾಯಿ ಮುಚ್ರಿ,” ಎಂದಳು. ಈ ಮಾತು ಎಲ್ಲೂ ತಡೆಯದೆ ಬಂತು. “ಕುಂದರ್ರಿ ಅಲ್ಲೆ. ನನ್ನ ಮಾತು ನಾನ ಹುಡುಕತೇನಿ. ಎಷ್ಟು ಹೊತ್ತರ ಆಗಲಿ.”

ಸಂಜೀವ ಅವಳ ಎದುರಿಗೆ ಕೂತ. ಅವಳ ತುಟಿಗಳು ಕೂಡಿದವು, ಬಿಟ್ಟವು, ಮತ್ತೆ ಕೂಡಿದವು. ಅವನು ಬಾಯಿ ಮುಚ್ಚಿಕೊಂಡು ಕಾದ.